ಇಪ್ಪತ್ತು ಮಿಲಿಗ್ರಾಂ: ಕೊಡೈಕನಾಲಿನ ಪಾದರಸದ ಮಣ್ಣು ಮತ್ತು ಊರಿನವರ ಕಾವಲು

2001ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ಕೊಡೈಕನಾಲ್ ಪಟ್ಟಣದ ಮೂಂಜಿಕ್ಕಲ್ ಎಂಬ ಜನನಿಬಿಡ ಭಾಗದಲ್ಲಿ, ಒಂದು ಗುಜರಿ ಅಂಗಡಿಯ ಆವರಣದಲ್ಲಿ, ಟನ್ನುಗಟ್ಟಲೆ ಒಡೆದ ಗಾಜು ಹರಿದ ಚೀಲಗಳಲ್ಲಿ ಬಿದ್ದಿರುವುದನ್ನು ಊರಿನವರು ಬಯಲಿಗೆ ತಂದರು. ಅದು ಸಾಮಾನ್ಯ ಗಾಜಿನ ಚೂರಾಗಿರಲಿಲ್ಲ. ಜ್ವರ ನೋಡುವ ಥರ್ಮಾಮೀಟರ್‌ಗಳ ನಳಿಕೆಗಳು ಅವು, ಮತ್ತು ಅವುಗಳಲ್ಲಿ ಪಾದರಸ ಇನ್ನೂ ಉಳಿದಿತ್ತು. ಪಾದರಸದ ಹನಿ ನೆಲಕ್ಕೆ ಬಿದ್ದರೆ ಏನಾಗುತ್ತದೆಂಬುದನ್ನು ಮನೆಯಲ್ಲಿ ಥರ್ಮಾಮೀಟರ್ ಒಡೆದ ಅನುಭವವಿರುವ ಎಲ್ಲರೂ ಬಲ್ಲರು: ಒಂದು ಹನಿ ಹತ್ತಾಗಿ ಸಿಡಿದು, ನೆಲದ ಬಿರುಕು ಸೇರಿ, ಬೆರಳಿಗೆ ಸಿಕ್ಕದೆ ಜಾರುತ್ತದೆ, ಕಣ್ಣಿಗೆ ಕಾಣದ ಆವಿಯಾಗಿ ದಿನಗಟ್ಟಲೆ ಏಳುತ್ತಲೇ ಇರುತ್ತದೆ. ಹತ್ತಿರದಲ್ಲೇ ಶಾಲೆಯಿದ್ದ ಜಾಗದಲ್ಲಿ ಇಂಥ ಚೀಲಗಳು ತೆರೆದೇ ಬಿದ್ದಿದ್ದವು. ಆ ಗಾಜು ಬಂದದ್ದು ಊರಿನ ಥರ್ಮಾಮೀಟರ್ ಕಾರ್ಖಾನೆಯಿಂದ. ನೂರಾರು ಜನ ಅದರ ಬಾಗಿಲಿಗೆ ಮೆರವಣಿಗೆ ಹೋದರು. ಅದೇ ತಿಂಗಳು ಕಾರ್ಖಾನೆ ಬಾಗಿಲು ಹಾಕಿತು.

ಕಾರ್ಖಾನೆ ಮುಚ್ಚಿಸಿದ ಹೋರಾಟವಾಗಿ ಈ ಕಥೆ ಹಲವರಿಗೆ ಗೊತ್ತು. ನನಗೆ ಮುಖ್ಯವೆನಿಸುವುದು ಅದರ ನಂತರದ ಹದಿನೈದು ಇಪ್ಪತ್ತು ವರ್ಷ. ಮುಚ್ಚಿದ ಕಾರ್ಖಾನೆಯ ನೆಲದಲ್ಲಿ ಉಳಿದ ವಿಷವನ್ನು ತೆಗೆಯುವುದು ಹೇಗೆ, ಎಷ್ಟು ತೆಗೆದರೆ ಸಾಕು, ಸಾಕೆಂದು ಹೇಳುವವರು ಯಾರು ಎಂಬ ಪ್ರಶ್ನೆಗಳ ಸುತ್ತ ಊರಿನವರು ನಡೆಸಿದ ದೀರ್ಘ ಕಾವಲಿನ ಅಧ್ಯಯನ ಇದು. ಕಂಪನಿಯ ಹೆಸರು ನ್ಯಾಯಾಲಯದ ಕಾಗದಪತ್ರಗಳಲ್ಲಿ ಇದೆ. ಇಲ್ಲಿ ಅದನ್ನು ಕಂಪನಿ ಎಂದಷ್ಟೇ ಕರೆಯುತ್ತೇನೆ. ಕಾರ್ಮಿಕರ, ನಿವಾಸಿಗಳ, ಅಧಿಕಾರಿಗಳ ಹೆಸರುಗಳನ್ನು ಬಿಟ್ಟಿದ್ದೇನೆ, ಏಕೆಂದರೆ ಕಲಿಯಬೇಕಾದದ್ದು ತೀರ್ಮಾನಗಳಿಂದ.

ಹಿನ್ನೆಲೆ

ಈ ಕಾರ್ಖಾನೆ ಹುಟ್ಟಿದ್ದು ಕೊಡೈಕನಾಲ್ ಇರುವ ಪಳನಿ ಬೆಟ್ಟಗಳಲ್ಲಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಎಂಬ ಊರಿನಲ್ಲಿದ್ದ ಥರ್ಮಾಮೀಟರ್ ಘಟಕವೊಂದು ಅಲ್ಲಿ ಮುಚ್ಚಿ, 1980ರ ದಶಕದ ಆರಂಭದಲ್ಲಿ ಯಂತ್ರಗಳ ಸಮೇತ ಕೊಡೈಕನಾಲಿಗೆ ಬಂತು. ಪಾದರಸ ಹೊರದೇಶದಿಂದ ಬರುತ್ತಿತ್ತು, ಸಿದ್ಧವಾದ ಥರ್ಮಾಮೀಟರ್‌ಗಳು ಹೊರದೇಶಕ್ಕೇ ಹೋಗುತ್ತಿದ್ದವು. ಊರಿನ ಪಾಲಿಗೆ ಉಳಿದದ್ದು ಕೂಲಿ ಮತ್ತು ಒಡೆದ ಗಾಜು. ಒಂದು ಕಂಪನಿಯಿಂದ ಇನ್ನೊಂದಕ್ಕೆ ಮಾಲೀಕತ್ವ ಬದಲಾಗುತ್ತ ಕೊನೆಗೆ ಅದು ದೇಶದ ಅತಿ ದೊಡ್ಡ ಗ್ರಾಹಕ ಸರಕುಗಳ ಕಂಪನಿಯೊಂದರ ಕೈ ಸೇರಿತು.

ಜಾಗವನ್ನು ಕಣ್ಣಮುಂದೆ ತಂದುಕೊಳ್ಳದಿದ್ದರೆ ಮುಂದಿನ ಜಗಳ ಅರ್ಥವಾಗುವುದಿಲ್ಲ. ಕೊಡೈಕನಾಲ್ ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಕಾರ್ಖಾನೆ ಇರುವುದು ಬೆಟ್ಟದ ಏಣಿನ ಮೇಲೆ, ಅದರ ಬೆನ್ನಿಗೆ ಪಾಂಬಾರ್ ಶೋಲಾ ಕಾಡು. ಅಲ್ಲಿ ಬಿದ್ದ ಮಳೆ ಶೋಲಾದೊಳಗಿನ ಹಳ್ಳಗಳಿಗೆ ಇಳಿದು ಪಾಂಬಾರ್ ಹೊಳೆಯಾಗಿ, ಪೆರಿಯಕುಳಂ ಬಳಿಯ ಕುಂಬಕ್ಕರೈ ಜಲಪಾತವಾಗಿ ಧುಮುಕಿ, ಬಯಲಿನ ಕಡೆಗೆ ಹರಿಯುತ್ತದೆ. ಬಯಲಿನಲ್ಲಿರುವವರಿಗೆ ಮೇಲಿನ ಕಾರ್ಖಾನೆಯ ಸುದ್ದಿಯೇ ಇರುವುದಿಲ್ಲ, ಆದರೆ ನೀರಿನ ದಾರಿಯಲ್ಲಿ ಅವರು ಅದರ ನೆರೆಯವರು. ಪಟ್ಟಣದ ಇನ್ನೊಂದು ಮಗ್ಗುಲಲ್ಲಿ ಪ್ರವಾಸಿಗಳು ದೋಣಿಯಲ್ಲಿ ವಿಹರಿಸುವ ಕೊಡೈ ಕೆರೆ. ಈ ಕೆರೆಗೆ ಪಾದರಸ ಹೋಗಲು ಹಳ್ಳ ಬೇಕಿಲ್ಲ, ಗಾಳಿ ಸಾಕು.

ಪಾದರಸದ ವಿಚಾರದಲ್ಲಿ ಒಂದು ಮಾತನ್ನು ಮೊದಲೇ ಬಿಡಿಸಿ ಹೇಳಬೇಕು. ಕೈಗಾರಿಕಾ ಮಾಲಿನ್ಯವೆಂದ ಕೂಡಲೇ ನಾವು ಬೋರ್‌ವೆಲ್ ನೀರನ್ನು ನೆನೆಯುತ್ತೇವೆ. ಬೆಂಗಳೂರಿನ ಪೀಣ್ಯದಂಥ ಕಡೆ, ಲೋಹಕ್ಕೆ ಲೇಪನ ಕೊಡುವ ಘಟಕಗಳಿಂದ ಬರುವ ಕ್ರೋಮಿಯಂ ವಿಷಯದಲ್ಲಿ ಅದು ಸರಿ. ಆರು ವೇಲೆನ್ಸಿಯ ಕ್ರೋಮಿಯಂ ನೀರಿನಲ್ಲಿ ಕರಗಿ ಅಂತರ್ಜಲದ ಜೊತೆಗೇ ಸಾಗುತ್ತದೆ, ನೀರನ್ನು ಹಳದಿಯಾಗಿಸುತ್ತದೆ. ಪಾದರಸದ ಗುಣ ಬೇರೆ. ಅದು ಮಣ್ಣಿನ ಜೈವಿಕಾಂಶಕ್ಕೂ ನಯವಾದ ಜೇಡಿ ಕಣಕ್ಕೂ ಅಂಟಿಕೊಳ್ಳುತ್ತದೆ, ಮತ್ತು ಮಣ್ಣು ಕೊಚ್ಚಿಹೋದಾಗ ಮಣ್ಣಿನ ಜೊತೆ ಹೋಗುತ್ತದೆ. ಕೆರೆಯ ತಳದ ಹೂಳಿನಲ್ಲಿ ಸೂಕ್ಷ್ಮಾಣುಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ, ಆ ರೂಪದಲ್ಲಿ ಅದು ಮೀನಿಗೆ, ಮೀನಿನಿಂದ ಮನುಷ್ಯರಿಗೆ ಏರುತ್ತದೆ. ಹೀಗಾಗಿ ಕೊಡೈಕನಾಲಿನಲ್ಲಿ ನೀರಿನ ಬಾಟಲಿಯನ್ನಷ್ಟೇ ಪರೀಕ್ಷೆಗೆ ಕಳಿಸಿ ಎಲ್ಲ ಸರಿಯಿದೆ ಎಂದರೆ ಅದು ಉತ್ತರವಾಗುವುದಿಲ್ಲ. ನೋಡಬೇಕಾದದ್ದು ಹೂಳನ್ನು, ಮೀನನ್ನು, ಮರದ ತೊಗಟೆಯ ಮೇಲಿನ ಕಲ್ಲುಹೂವನ್ನು.

ಹಾಗೆ ನೋಡಿದವರೂ ಇದ್ದರು. ಪರಮಾಣು ಶಕ್ತಿ ಇಲಾಖೆಗೆ ಸೇರಿದ ಹೈದರಾಬಾದಿನ ಪ್ರಯೋಗಾಲಯದ ವಿಜ್ಞಾನಿಗಳು ಕಾರ್ಖಾನೆ ಸುತ್ತಲಿನ ಹಾವಸೆ, ಕಲ್ಲುಹೂವುಗಳನ್ನು ಪರೀಕ್ಷಿಸಿ ಗಾಳಿಯ ಮೂಲಕ ಪಾದರಸ ಹರಡಿದ್ದನ್ನು ತೋರಿಸಿದರು. 2006ರಲ್ಲಿ ಪ್ರಕಟವಾದ ಅವರ ಇನ್ನೊಂದು ಅಧ್ಯಯನ ಕೊಡೈ ಕೆರೆಯ ನೀರು, ಹೂಳು, ಮೀನುಗಳಲ್ಲಿ ಪಾದರಸವನ್ನು ದಾಖಲಿಸಿತು. ಬೇರಿಲ್ಲದ ಕಲ್ಲುಹೂವು ತನಗೆ ಬೇಕಾದದ್ದನ್ನೆಲ್ಲ ಗಾಳಿ ಮತ್ತು ಮಳೆಯಿಂದಲೇ ಪಡೆಯುತ್ತದೆ, ಆದ್ದರಿಂದ ಗಾಳಿಯಲ್ಲಿ ಏನಿತ್ತು ಎಂಬುದರ ಲೆಕ್ಕ ಅದರ ಮೈಯಲ್ಲೇ ಉಳಿಯುತ್ತದೆ. ಯಂತ್ರವಿಲ್ಲದ ಊರಿಗೆ ಅದೇ ಮಾಪಕ.

ಸಮಸ್ಯೆ ಎಲ್ಲಿ ಬಿಗಿಯಾಯಿತು

ಮೊದಲ ಹಂತದಲ್ಲಿ ಊರಿಗೆ ಗೆಲುವೇ ಸಿಕ್ಕಿತು. ಗುಜರಿ ಅಂಗಡಿಯ ಗಾಜು ಕಾರ್ಖಾನೆಗೆ ಮರಳಿತು. 2003ರಲ್ಲಿ ಗಾಜು, ಅರೆಬರೆ ತಯಾರಾದ ಥರ್ಮಾಮೀಟರ್, ತ್ಯಾಜ್ಯನೀರಿನ ಘಟಕದ ಕೆಸರು ಸೇರಿ ಸುಮಾರು 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಮರುಬಳಕೆ ಘಟಕಕ್ಕೆ ಕಳಿಸಲಾಯಿತು. ಬಡ ದೇಶಗಳ ಕಡೆಗೆ ವಿಷ ಬರುವುದನ್ನೇ ನೋಡಿದ್ದ ನಮಗೆ ಅದು ಬಂದ ದಾರಿಯಲ್ಲೇ ಹಿಂದಿರುಗಿದ್ದು ಅಪರೂಪದ ಸಂಗತಿ, ಮತ್ತು ಅದು ಜನರ ಒತ್ತಾಯವಿಲ್ಲದೆ ಆಗುತ್ತಿರಲಿಲ್ಲ.

ಆದರೆ ಚೀಲದಲ್ಲಿ ಇದ್ದದ್ದನ್ನು ಲಾರಿಗೆ ಏರಿಸಬಹುದು. ಮಣ್ಣಿಗೆ ಇಳಿದದ್ದನ್ನು ಏರಿಸಲು ಮೊದಲು ಅದು ಎಲ್ಲಿದೆ, ಎಷ್ಟಿದೆ ಎಂದು ತಿಳಿಯಬೇಕು. ಹದಿನೇಳು ವರ್ಷಗಳಲ್ಲಿ ಎಷ್ಟು ಪಾದರಸ ಒಳಬಂತು, ಥರ್ಮಾಮೀಟರ್‌ಗಳಲ್ಲಿ ಎಷ್ಟು ಹೊರಹೋಯಿತು, ನಡುವೆ ಕಳೆದುಹೋದದ್ದು ಎಷ್ಟು ಎಂಬ ಜಮಾಖರ್ಚಿನ ಬಗ್ಗೆ ಕಂಪನಿಯ ಸಲಹೆಗಾರರ ಅಂದಾಜಿಗೂ ಕಾರ್ಮಿಕ ಮತ್ತು ಪರಿಸರ ಸಂಘಟನೆಗಳ ಅಂದಾಜಿಗೂ ಬಹಳ ಅಂತರವಿತ್ತು. ಪಾದರಸದ ಖರೀದಿ ಲೆಕ್ಕ ಕಂಪನಿಯ ಬಳಿ ಇತ್ತು. ಅದು ಎಲ್ಲೆಲ್ಲಿ ಚೆಲ್ಲಿತು, ಯಾವ ಗೋಡೆಯ ಹಿಂದೆ ಗಾಜು ಸುರಿದರು, ತೊಳೆದ ನೀರು ಯಾವ ಚರಂಡಿಗೆ ಇಳಿಯಿತು ಎಂಬ ಲೆಕ್ಕ ಕಾರ್ಮಿಕರ ನೆನಪಿನಲ್ಲಿ ಇತ್ತು.

ಈ ಎರಡನೆಯ ಲೆಕ್ಕಕ್ಕೆ ಸಿಕ್ಕ ಬೆಲೆ ಕಡಿಮೆ. ಒಳಗೆ ಗಾಜು ಒಡೆಯುತ್ತಿದ್ದವರು, ನೆಲ ಗುಡಿಸುತ್ತಿದ್ದವರು ಹೇಳುವುದು ಹೇಳಿಕೆಯೆಂದು ಕರೆಯಿಸಿಕೊಂಡಿತು, ಸಲಹಾ ಸಂಸ್ಥೆ ಹೇಳಿದ್ದು ವರದಿಯೆಂದು ಕರೆಯಿಸಿಕೊಂಡಿತು. ಮಣ್ಣಿನ ಮಾದರಿ ತೆಗೆಯುವ ಚೌಕಗಳನ್ನು ನಕ್ಷೆಯ ಮೇಲೆ ಗುರುತಿಸುವ ಮೊದಲು ಆ ಕಾರ್ಮಿಕರ ಜೊತೆ ಒಂದು ಸುತ್ತು ಆವರಣ ನಡೆದು, ಅವರು ಬೆರಳು ತೋರಿಸಿದಲ್ಲೆಲ್ಲ ಗೂಟ ನೆಡುವುದು ಅತ್ಯಂತ ಅಗ್ಗದ, ಅತ್ಯಂತ ಫಲಪ್ರದವಾದ ತನಿಖೆ. ಈ ಪ್ರಕರಣದಿಂದ ಬೇರೆ ಊರುಗಳು ಒಂದನ್ನೇ ಎತ್ತಿಕೊಳ್ಳಬೇಕೆಂದರೆ ನಾನು ಇದನ್ನೇ ಹೇಳುತ್ತೇನೆ.

ಸಮಿತಿ ಮತ್ತು ಅದರ ಮಿತಿ

ಅಪಾಯಕಾರಿ ತ್ಯಾಜ್ಯಗಳ ಕುರಿತು 1995ರಿಂದ ನಡೆಯುತ್ತಿದ್ದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2003ರ ಅಕ್ಟೋಬರ್ 14ರಂದು ಕೊಟ್ಟ ಆದೇಶದ ಮೇರೆಗೆ ಒಂದು ಉಸ್ತುವಾರಿ ಸಮಿತಿ ರಚನೆಯಾಯಿತು. ಆ ಸಮಿತಿ ದೇಶದ ಮಲಿನ ಜಾಗಗಳಿಗೆ ಭೇಟಿ ಕೊಡುತ್ತ, ಕೆಲವು ಕಡೆ ಸ್ಥಳೀಯ ಪ್ರದೇಶ ಪರಿಸರ ಸಮಿತಿಗಳನ್ನು ನೇಮಿಸಿತು. ಕೇರಳದ ಪೆರಿಯಾರ್ ದಂಡೆಯ ಏಲೂರಿನಲ್ಲಿ ಅಂಥದೊಂದು ಸಮಿತಿ ಆಯಿತು, ಕೊಡೈಕನಾಲಿನಲ್ಲೂ ಆಯಿತು. ಊರಿನ ನಾಗರಿಕ ಪ್ರತಿನಿಧಿಗಳು ಅಧಿಕಾರಿಗಳ ಜೊತೆ ಒಂದೇ ಮೇಜಿನಲ್ಲಿ ಕುಳಿತು ಕಾರ್ಖಾನೆಯ ಶುದ್ಧೀಕರಣದ ಮೇಲೆ ಕಣ್ಣಿಡುವ ಹಕ್ಕನ್ನು ಇದು ಬರಹದಲ್ಲಿ ಕೊಟ್ಟಿತು.

ಆಗಿನ ಕಾಲಕ್ಕೆ ಇದು ದೊಡ್ಡ ಹೆಜ್ಜೆ. ಅದಕ್ಕೆ ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಕಡತ ನೋಡಲು ಹೋದವರಿಗೆ ಕಚೇರಿಯ ಬೆಂಚೇ ಗತಿ. ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ. ಸಮಿತಿಯಲ್ಲಿ ಕುಳಿತವರು ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕಾದ ಸ್ಥಿತಿ ಹುಟ್ಟಿತು, ವರದಿಗಳ ಪ್ರತಿ ಊರಿಗೆ ಬರತೊಡಗಿತು, ಮತ್ತು ಕಂಪನಿಯ ಕೆಲಸದ ಪ್ರತಿ ಹಂತಕ್ಕೂ ಹೊರಗಿನ ಒಂದು ಜೊತೆ ಕಣ್ಣು ಇತ್ತು.

ಆದರೆ ಸಮಿತಿಗೆ ನೋಡುವ ಅಧಿಕಾರವಿತ್ತೇ ಹೊರತು ತಡೆಯುವ ಅಧಿಕಾರವಿರಲಿಲ್ಲ. ಶುದ್ಧೀಕರಣದ ಖರ್ಚು ಕಂಪನಿಯದು, ಆದ್ದರಿಂದ ಅಧ್ಯಯನ ಮಾಡುವ ಸಂಸ್ಥೆಗಳಿಗೆ ಕೆಲಸ ಒಪ್ಪಿಸುವ, ಅವುಗಳಿಗೆ ಹಣ ಸಲ್ಲಿಸುವ ಕೈಯೂ ಕಂಪನಿಯದೇ. ಮಲಿನ ಮಾಡಿದವರೇ ದುಡ್ಡು ಕೊಡಬೇಕೆಂಬುದು ನ್ಯಾಯ. ಅದನ್ನು ಸುಪ್ರೀಂ ಕೋರ್ಟ್ 1996ರಲ್ಲೇ ರಾಜಸ್ಥಾನದ ಬಿಚ್ಛಡಿ ಪ್ರಕರಣದಲ್ಲಿ ಗಟ್ಟಿಯಾಗಿ ಹೇಳಿದೆ. ಆದರೆ ದುಡ್ಡು ಕೊಡುವವರೇ ತಜ್ಞರನ್ನೂ ಆರಿಸಬೇಕೆಂದು ಆ ನ್ಯಾಯದಲ್ಲಿ ಎಲ್ಲಿಯೂ ಇಲ್ಲ. ಊರಿನ ಸಮಿತಿಗೆ ತನ್ನದೇ ಒಬ್ಬ ಮಣ್ಣುವಿಜ್ಞಾನಿಯನ್ನು ನೇಮಿಸಿಕೊಳ್ಳಲು ಬೇಕಾದ ಹಣವನ್ನು ಅದೇ ಖರ್ಚಿನ ಲೆಕ್ಕದಲ್ಲಿ ಮೊದಲ ದಿನವೇ ಬೇರೆಯಿಡಬೇಕಿತ್ತು. ಅಮೆರಿಕದಲ್ಲಿ 1986ರ ತಿದ್ದುಪಡಿಯ ನಂತರ, ಮಲಿನ ಜಾಗಗಳ ಶುದ್ಧೀಕರಣಕ್ಕೆಂದೇ ಇರುವ ಸೂಪರ್‌ಫಂಡ್ ಕಾನೂನಿನಡಿ, ಅಂಥ ಜಾಗದ ಪಕ್ಕದ ನಿವಾಸಿಗಳ ಗುಂಪು ಸ್ವತಂತ್ರ ತಾಂತ್ರಿಕ ಸಲಹೆಗಾರರನ್ನು ಇಟ್ಟುಕೊಳ್ಳಲು 50,000 ಡಾಲರ್‌ವರೆಗೆ ಅನುದಾನ ಕೇಳಬಹುದು. ಕೊಡೈಕನಾಲಿನವರು ಅದೇ ಕೆಲಸವನ್ನು ಸ್ವಯಂಸೇವಕರ ರಜಾದಿನಗಳಲ್ಲಿ ಮಾಡಿದರು.

ಇನ್ನೊಂದು ಮಿತಿ ಮೊದಲಿಗೆ ಯಾರ ಕಣ್ಣಿಗೂ ಬೀಳದಂಥದ್ದು. ಸ್ಥಳೀಯ ಸಮಿತಿಯ ಬೇರು ಇದ್ದದ್ದು ದೆಹಲಿಯ ಉಸ್ತುವಾರಿ ಸಮಿತಿಯಲ್ಲಿ. ಮೇಲಿನ ಕೊಂಬೆ ಒಣಗಿದಾಗ ಕೆಳಗಿನ ಎಲೆಗೆ ನೀರಿಲ್ಲದಾಯಿತು. ಶುದ್ಧೀಕರಣ ಹತ್ತಾರು ವರ್ಷ ನಡೆಯುವ ಕೆಲಸ, ಅದನ್ನು ಕಾಯುವ ಸಮಿತಿ ಮಾತ್ರ ಒಂದು ಮೊಕದ್ದಮೆಯ ಆಯುಷ್ಯಕ್ಕೆ ಕಟ್ಟಿಕೊಂಡಿತ್ತು. ನಗರಸಭೆಯ ಅಥವಾ ಪಂಚಾಯಿತಿಯ ಸ್ಥಾಯಿ ಸಮಿತಿಯಾಗಿ ಅದು ಬೇರೂರಿದ್ದರೆ ಕಥೆ ಬೇರೆಯಾಗುತ್ತಿತ್ತೆಂದು ನಾನು ನಂಬುತ್ತೇನೆ.

ಸಂಖ್ಯೆಯ ಜಗಳ

ಈಗ ಪ್ರಕರಣದ ನಡುಬೆನ್ನಿಗೆ ಬರೋಣ. ಮಣ್ಣಿನಲ್ಲಿ ಎಷ್ಟು ಪಾದರಸ ಉಳಿಸಿದರೆ ಅದನ್ನು ಶುದ್ಧ ಎನ್ನಬಹುದು? ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ, ಅಂದರೆ ನೀರಿ, ಒಂದು ಕಿಲೋ ಮಣ್ಣಿಗೆ 20 ಮಿಲಿಗ್ರಾಂ ಎಂಬ ಮಟ್ಟವನ್ನು ಶಿಫಾರಸು ಮಾಡಿತು. ಊರಿನ ಸಂಘಟನೆಗಳು ಬ್ರಿಟನ್ನಿನ ಕಡೆ ಬೆರಳು ತೋರಿಸಿದವು: ಅಲ್ಲಿ 2009ರಲ್ಲಿ ಪ್ರಕಟವಾದ ಮಾರ್ಗದರ್ಶಿ ಮೌಲ್ಯದ ಪ್ರಕಾರ ವಾಸದ ಜಾಗದಲ್ಲಿ ಲೋಹರೂಪದ ಪಾದರಸಕ್ಕೆ ಕಿಲೋಗೆ 1 ಮಿಲಿಗ್ರಾಂ. ಕಂಪನಿಯ ಮಾತೃಸಂಸ್ಥೆಯ ಒಂದು ಕಾಲು ಬ್ರಿಟನ್ನಿನಲ್ಲೇ ಇರುವಾಗ, ಅಲ್ಲಿನ ಅಂಗಳಕ್ಕೆ ಒಂದು ಅಳತೆ, ಇಲ್ಲಿನ ಬೆಟ್ಟಕ್ಕೆ ಅದರ ಇಪ್ಪತ್ತರಷ್ಟು ಸಡಿಲವಾದ ಅಳತೆ ಏಕೆ ಎಂಬುದು ಅವರ ಪ್ರಶ್ನೆ.

ಸಂಖ್ಯೆಯನ್ನು ಕೈಗೆ ಸಿಗುವಂತೆ ಮಾಡಿಕೊಳ್ಳೋಣ. ಒಂದು ಜ್ವರದ ಥರ್ಮಾಮೀಟರ್‌ನಲ್ಲಿ ಅರ್ಧದಿಂದ ಒಂದು ಗ್ರಾಂ ಪಾದರಸ ಇರುತ್ತದೆ. ಕಿಲೋಗೆ 20 ಮಿಲಿಗ್ರಾಂ ಇರುವ ಒಂದು ಟನ್ ಮಣ್ಣಿನಲ್ಲಿ 20 ಗ್ರಾಂ ಪಾದರಸ, ಎಂದರೆ ಇಪ್ಪತ್ತರಿಂದ ನಲವತ್ತು ಥರ್ಮಾಮೀಟರ್‌ಗಳನ್ನು ಒಡೆದು ಕಲಸಿದಷ್ಟು. ಕಿಲೋಗೆ 1 ಮಿಲಿಗ್ರಾಂ ಎಂದರೆ ಅದೇ ಒಂದು ಟನ್‌ನಲ್ಲಿ ಒಂದೋ ಎರಡೋ. ಹೀಗೆ ಹೇಳಿದರೆ ಸಭೆಯಲ್ಲಿ ಕುಳಿತ ಯಾರಿಗಾದರೂ ಅರ್ಥವಾಗುತ್ತದೆ, ಮತ್ತು ಅರ್ಥವಾದವರು ಕೇಳುವ ಪ್ರಶ್ನೆಗೆ ತೂಕ ಬರುತ್ತದೆ.

ಎದುರು ಪಕ್ಷದ ವಾದವನ್ನು ಬದಿಗೊತ್ತುವುದು ನ್ಯಾಯವಲ್ಲ. ಮಟ್ಟ ಬಿಗಿಯಾದಷ್ಟೂ ಅಗೆಯಬೇಕಾದ ಮಣ್ಣು ಹೆಚ್ಚು. ಕಡಿದಾದ ಇಳಿಜಾರಿನಲ್ಲಿ ಮೇಲ್ಮಣ್ಣನ್ನೂ ಮರಗಳನ್ನೂ ತೆಗೆದರೆ, ಹಿಡಿದಿಡುವ ಬೇರಿಲ್ಲದೆ ಮುಂದಿನ ಮಳೆಗೆ ಗುಡ್ಡವೇ ಜಾರಿ, ಉಳಿದ ಪಾದರಸ ಪೂರ್ತಿ ಶೋಲಾದೊಳಗೆ ಇಳಿಯಬಹುದು. ಇದು ಹುಸಿ ಭಯವಲ್ಲ. ಊರಿನ ಪರಿಸರವಾದಿಗಳ ಪೈಕಿಯೇ ಮರ ಕಡಿಯುವುದನ್ನು ನೆನೆದು ಕಳವಳಗೊಂಡವರಿದ್ದರೆ ಆಶ್ಚರ್ಯವಿಲ್ಲ. 2010ರಲ್ಲಿ ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ, ಸಂಘಟನೆಗಳ ಒತ್ತಾಯದ ನಂತರ, ಮತ್ತಷ್ಟು ಅಧ್ಯಯನಗಳನ್ನು ಕೇಳಿತು: ಅಪಾಯದ ಲೆಕ್ಕಕ್ಕೆ ದೆಹಲಿಯ ಐಐಟಿ, ಮರಗಳ ಬಗ್ಗೆ ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆ, ಮಣ್ಣಿನ ಸವಕಳಿಗೆ ಊಟಿಯ ಮಣ್ಣು ಮತ್ತು ನೀರು ಸಂರಕ್ಷಣಾ ಕೇಂದ್ರ. ವರ್ಷಗಳು ಉರುಳಿದವು. ಕೊನೆಗೆ ಅನುಮತಿ ಸಿಕ್ಕಿದ್ದು 20 ಮಿಲಿಗ್ರಾಂ ಮಟ್ಟಕ್ಕೇ.

ಈ ಜಗಳದಲ್ಲಿ ನನ್ನ ಮನಸ್ಸಿಗೆ ತಾಗುವುದು ಸಂಖ್ಯೆಗಿಂತ ಅದು ಹುಟ್ಟಿದ ಕ್ರಮ. ಆ ನೆಲವನ್ನು ಮುಂದೆ ಯಾವುದಕ್ಕೆ ಬಳಸಬೇಕೆಂದು ಮೊದಲು ಊರು ಹೇಳಬೇಕಿತ್ತು: ಮನೆ ಕಟ್ಟುವ ಜಾಗವೋ, ಬೇಲಿ ಹಾಕಿ ಕಾಡಿಗೆ ಬಿಡುವ ಜಾಗವೋ, ಮತ್ತೊಂದು ಕಾರ್ಖಾನೆಯೋ. ಆ ತೀರ್ಮಾನದಿಂದ ಮಟ್ಟ ಹುಟ್ಟಬೇಕು, ಮಟ್ಟದಿಂದ ವಿಧಾನ, ವಿಧಾನದಿಂದ ಖರ್ಚು. ಇಲ್ಲಿ ಮಟ್ಟ ಮೊದಲೇ ಬಂದು ಕುಳಿತಿತ್ತು, ಅದರ ಮೇಲೆ ಅಭಿಪ್ರಾಯ ಹೇಳಲು ಊರನ್ನು ಆಮೇಲೆ ಕರೆಯಲಾಯಿತು. ಇಳಿಜಾರಿಗೆ ಒಂದು ಮಟ್ಟ, ಸಮತಟ್ಟಾದ ಅಂಗಳಕ್ಕೆ ಅದಕ್ಕಿಂತ ಬಿಗಿಯಾದ ಇನ್ನೊಂದು ಮಟ್ಟ ಎಂಬ ಮೂರನೆಯ ದಾರಿಯನ್ನು ಮುಕ್ತ ಮನಸ್ಸಿನಿಂದ ಚರ್ಚಿಸಲು ಬೇಕಾದ ವಿಶ್ವಾಸವೇ ಆ ಹೊತ್ತಿಗೆ ಎರಡೂ ಕಡೆ ಉಳಿದಿರಲಿಲ್ಲ.

ಒಂದು ಹಿಡಿ ಮಣ್ಣು

ಮೇಲ್ವಿಚಾರಣೆ ಎಂಬ ದೊಡ್ಡ ಪದದ ಒಳಗೆ ನಡೆಯುವ ಕೆಲಸ ಚಿಕ್ಕದು, ಆದರೆ ಗೆಲುವು ಸೋಲು ಅಲ್ಲೇ. ಮಣ್ಣಿನ ಮಾದರಿ ತೆಗೆಯುವವರ ಪಕ್ಕದಲ್ಲಿ ನಿಂತ ಊರಿನ ಪ್ರತಿನಿಧಿ ಏನನ್ನು ನೋಡಬೇಕೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪಾದರಸ ಮಣ್ಣಿನಲ್ಲಿ ಉಪ್ಪಿನ ಹಾಗೆ ಸಮನಾಗಿ ಬೆರೆಯುವುದಿಲ್ಲ. ಅದು ಸಾಸಿವೆಗಿಂತ ಚಿಕ್ಕ ಮಣಿಗಳಾಗಿ ಅಲ್ಲಲ್ಲಿ ಅಡಗಿರುತ್ತದೆ. ಒಂದು ಗುಳಿಯ ಮಣ್ಣಿನಲ್ಲಿ ನೂರಾರು ಮಿಲಿಗ್ರಾಂ ಸಿಕ್ಕರೆ ಎರಡು ಮಾರು ಆಚೆಯ ಗುಳಿಯಲ್ಲಿ ಏನೂ ಸಿಗದಿರಬಹುದು. ಹತ್ತು ಗುಳಿಗಳ ಮಣ್ಣನ್ನು ಒಂದು ಬುಟ್ಟಿಯಲ್ಲಿ ಕಲಸಿ ಒಂದೇ ಮಾದರಿಯಾಗಿ ಕಳಿಸಿದರೆ ಸರಾಸರಿ ಚೆನ್ನಾಗಿ ಕಾಣುತ್ತದೆ, ವಿಷದ ಗೂಡು ಮಾತ್ರ ಅಲ್ಲೇ ಉಳಿಯುತ್ತದೆ. ಹೀಗಾಗಿ ಯಾವುದನ್ನು ಕಲಸಿದರು, ಯಾವುದನ್ನು ಬಿಡಿಯಾಗಿ ಕಳಿಸಿದರು ಎಂದು ಕೇಳುವುದು ಮೊದಲ ಪ್ರಶ್ನೆ. ಎರಡನೆಯದು ಆಳ: ಮೇಲಿನ ನಾಲ್ಕು ಬೆರಳಿನ ಮಣ್ಣು ಕೊಚ್ಚಿಹೋಗಿರುವ ಇಳಿಜಾರಿನಲ್ಲಿ ಮೇಲ್ಪದರವನ್ನೇ ಕೆರೆದರೆ ಆ ಮಣ್ಣು ಹೋಗಿ ತಂಗಿರುವ ಕೆಳಗಿನ ತಗ್ಗಿನ ಸುದ್ದಿ ಸಿಗುವುದಿಲ್ಲ. ಮೂರನೆಯದು ಒಣಗಿಸುವ ಬಗೆ. ಪಾದರಸ ಆವಿಯಾಗುವ ಲೋಹವಾದ್ದರಿಂದ ಮಾದರಿಯನ್ನು ಬಿಸಿ ಒಲೆಯಲ್ಲಿ ಒಣಗಿಸಿದರೆ ಅಳೆಯಬೇಕಾದ ವಸ್ತುವಿನ ಒಂದು ಪಾಲು ಅಳೆಯುವ ಮೊದಲೇ ಹೊರಟುಹೋಗಿರುತ್ತದೆ. ಬಿಗಿ ಮುಚ್ಚಳದ ಗಾಜಿನ ಸೀಸೆ, ತಂಪಾದ ಪೆಟ್ಟಿಗೆ, ಸೀಸೆಯ ಮೇಲೆ ಸ್ಥಳದಲ್ಲೇ ಬರೆದ ಗುರುತು, ಮತ್ತು ಪ್ರತಿ ಮಾದರಿಯ ಎರಡು ಪಾಲು, ಒಂದು ಅವರಿಗೆ, ಒಂದು ಸಮಿತಿಯ ವಶಕ್ಕೆ. ಪೊಲೀಸ್ ಮಹಜರಿನಲ್ಲಿ ಪಂಚರ ರುಜು ಇಲ್ಲದೆ ಕಾಗದಕ್ಕೆ ಬೆಲೆಯಿಲ್ಲವೆಂದು ನಮ್ಮ ಹಳ್ಳಿಯವರಿಗೂ ಗೊತ್ತು. ಮಣ್ಣಿನ ಮಹಜರಿಗೂ ಅದೇ ನಿಯಮ ಸಾಕು.

ಶುದ್ಧೀಕರಣದ ವಿಧಾನವೂ ಕಣ್ಣಿಟ್ಟು ನೋಡುವಂಥದ್ದೇ. ಯೋಜನೆಯ ಪ್ರಕಾರ ಅಗೆದ ಮಣ್ಣನ್ನು ನೀರಿನಲ್ಲಿ ತೊಳೆದು, ದಪ್ಪ ಮರಳನ್ನೂ ನಯವಾದ ಕಣಗಳನ್ನೂ ಬೇರ್ಪಡಿಸಿ, ಪಾದರಸ ಹೆಚ್ಚಾಗಿ ಅಂಟಿರುವ ನಯವಾದ ಪಾಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಸಿ, ಆವಿಯಾದ ಪಾದರಸವನ್ನು ತಣಿಸಿ ಹಿಡಿಯುವುದು. ವಿಧಾನ ಸರಿಯಾದದ್ದೇ. ಆದರೆ ತೊಳೆದ ನೀರು ಎಲ್ಲಿ ಹೋಯಿತು, ಕಾಸುವ ಪಾತ್ರೆಯ ಹೊಗೆಯನ್ನು ಯಾರು ಅಳೆದರು, ಮಳೆಗಾಲದಲ್ಲಿ ಅಗೆತ ನಿಲ್ಲಿಸಿದರೇ ಎಂಬುದನ್ನು ಆವರಣದೊಳಗೆ ಕಾಲಿಡಲು ಅನುಮತಿಯಿರುವ ಊರಿನವರು ಮಾತ್ರ ದಿನದಿನವೂ ನೋಡಬಲ್ಲರು. ಮಂಡಳಿಯ ಎಂಜಿನಿಯರ್ ತಿಂಗಳಿಗೊಮ್ಮೆ ಬೆಟ್ಟ ಹತ್ತಿ ಬಂದರೆ ಹೆಚ್ಚು. ಹೂಳು ಹಿಡಿಯಲು ಆವರಣದೊಳಗೆ ಕಟ್ಟಿದ ಅಡ್ಡಗಟ್ಟೆಗಳ ಮಾತೂ ಅಷ್ಟೇ. ಅವು ತುಂಬಿದ ಮೇಲೆ ಬಾಚದಿದ್ದರೆ, ಮುಂದಿನ ಜೋರು ಮಳೆಗೆ ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ಕೆಳಗಿಳಿಯುತ್ತದೆ.

ಕಾರ್ಮಿಕರ ದೇಹ

ಮಣ್ಣಿನ ವಿಷಯಕ್ಕೇ ಅಂಟಿಕೊಂಡಿದ್ದರೂ, ಕಾರ್ಮಿಕರ ಆರೋಗ್ಯವನ್ನು ಬಿಟ್ಟು ಈ ಪ್ರಕರಣ ಬರೆಯಲಾಗದು. ವರ್ಷಗಟ್ಟಲೆ ಪಾದರಸದ ಆವಿಯಲ್ಲಿ ದುಡಿದವರು ಮೂತ್ರಪಿಂಡ, ನರಗಳ ತೊಂದರೆಗಳನ್ನು ಹೇಳಿಕೊಂಡು ಮದ್ರಾಸ್ ಹೈಕೋರ್ಟ್ ಮೆಟ್ಟಿಲು ಹತ್ತಿದರು. ಕೆಲಸಕ್ಕೂ ಕಾಯಿಲೆಗೂ ಸಂಬಂಧವಿಲ್ಲವೆಂಬುದೇ ಕಂಪನಿಯ ನಿಲುವಾಗಿತ್ತು. 2015ರಲ್ಲಿ ಯುವ ಕಲಾವಿದೆಯೊಬ್ಬರ ಹಾಡು ಅಂತರ್ಜಾಲದಲ್ಲಿ ಹಬ್ಬಿ ವಿಷಯ ದೇಶವಿದೇಶಗಳ ಕಿವಿಗೆ ಬಿತ್ತು, ಮತ್ತು 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರು ಮತ್ತು ಅವರ ಕುಟುಂಬಗಳಿಗೆ ಸಂಬಂಧಿಸಿದಂತೆ ಕಂಪನಿ ಒಪ್ಪಂದಕ್ಕೆ ಬಂತು. ಹದಿನೈದು ವರ್ಷ ಕಾದವರಿಗೆ ಆ ಪರಿಹಾರ ಬಹಳ ದೊಡ್ಡದು.

ಮೇಲ್ವಿಚಾರಣೆಯ ದೃಷ್ಟಿಯಿಂದ ಅದು ಒಂದು ತಿರುವು ಕೂಡ ಆಗಿತ್ತು. ಅಲ್ಲಿಯವರೆಗೆ ಕಾರ್ಮಿಕರ ಬೇಡಿಕೆಯೂ ಮಣ್ಣಿನ ಬೇಡಿಕೆಯೂ ಒಂದೇ ಹಗ್ಗದ ಎರಡು ಎಳೆಗಳಾಗಿದ್ದವು. ಒಪ್ಪಂದದ ನಂತರ ದೇಶದ ಗಮನ ಬೇರೆಡೆ ಸರಿಯಿತು, ಪತ್ರಿಕೆಗಳ ಪಾಲಿಗೆ ಕಥೆ ಮುಗಿದಂತಾಯಿತು. ಮಣ್ಣು ಅಲ್ಲೇ ಇತ್ತು. ಮಾತನಾಡಲು ಬಾಯಿರುವವರ ಬೇಡಿಕೆ ಈಡೇರಿದ ಮೇಲೆ ಬಾಯಿಲ್ಲದ ಹಳ್ಳದ ಪರವಾಗಿ ನಿಂತವರು ಕೆಲವೇ ಜನ, ಮತ್ತು ಅವರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಾರಿಯನ್ನೇ ಹಿಡಿಯಬೇಕಾಯಿತು.

ಏನಾಯಿತು, ಏನನ್ನು ಒಯ್ಯಬಹುದು

ಎರಡು ದಶಕಗಳ ಲೆಕ್ಕ ಹೀಗಿದೆ. ಕಾರ್ಖಾನೆ ಮತ್ತೆ ತೆರೆಯಲಿಲ್ಲ. ಗಾಜಿನ ತ್ಯಾಜ್ಯ ದೇಶ ಬಿಟ್ಟಿತು. ಯಂತ್ರಗಳನ್ನು ಶುಚಿಗೊಳಿಸಿ ವಿಲೇವಾರಿ ಮಾಡಲಾಯಿತು. ಕಾರ್ಮಿಕರಿಗೆ ಒಪ್ಪಂದ ದೊರೆಯಿತು. ಕಾರ್ಖಾನೆಯ ಮಣ್ಣಿನ ಶುದ್ಧೀಕರಣಕ್ಕೆ ಊರು ಕೇಳಿದ ಮಟ್ಟ ಸಿಗಲಿಲ್ಲ, ಆದರೆ ಊರಿನ ಕಣ್ಣು ತಪ್ಪಿಸಿ ಒಂದು ಬುಟ್ಟಿ ಮಣ್ಣೂ ಕದಲದಂಥ ಸ್ಥಿತಿಯನ್ನು ಅವರು ಬಹುಕಾಲ ಕಾಯ್ದುಕೊಂಡರು. ಕಾವಲು ಇರದಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ: ಬೇಲಿಯ ಮೇಲೊಂದು ಫಲಕ, ಮಣ್ಣಿನ ಮೇಲೊಂದು ಪದರ ಹೊಸ ಮಣ್ಣು, ಅದರ ಮೇಲೆ ಹುಲ್ಲು.

ಈ ಪ್ರಕರಣ ಈಗ ಕರ್ನಾಟಕದವರಿಗೂ ಕೆಲಸಕ್ಕೆ ಬರುತ್ತದೆ. ಕಾಕತಾಳೀಯವೆಂಬಂತೆ ಅದೇ 2001ರಲ್ಲಿ, ಫೆಬ್ರವರಿ 28ರಂದು, ಕೋಲಾರದ ಚಿನ್ನದ ಗಣಿಗಳು ಮುಚ್ಚಿದವು, ಮತ್ತು ಊರಿನವರು ಸೈನೈಡ್ ಗುಡ್ಡ ಎಂದು ಕರೆಯುವ ಅದಿರಿನ ಪುಡಿಯ ದಿಬ್ಬಗಳು ಇಂದಿಗೂ ಬೇಸಿಗೆಯ ಗಾಳಿಗೆ ಮನೆಗಳ ಮೇಲೆ ಧೂಳು ಸುರಿಸುತ್ತಿವೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಲಿನಗೊಂಡ ಸ್ಥಳಗಳ ನಿರ್ವಹಣೆಗೆಂದೇ ಹೊಸ ನಿಯಮಗಳನ್ನು ಹೊರಡಿಸಿದೆ. ಅಲ್ಲಿಯವರೆಗೆ ಇಂಥ ಜಾಗಗಳನ್ನು ಗುರುತಿಸಿ ಶುದ್ಧಗೊಳಿಸಲು ದೇಶದಲ್ಲಿ ಪ್ರತ್ಯೇಕ ಕಾನೂನಿನ ಚೌಕಟ್ಟೇ ಇರಲಿಲ್ಲ. ಈ ನಿಯಮಗಳ ಪ್ರಕಾರ ಶಂಕಿತ ಸ್ಥಳಗಳನ್ನು ವರದಿ ಮಾಡುವ ಕೆಲಸದಲ್ಲಿ ಸ್ಥಳೀಯ ಸಂಸ್ಥೆಗಳಿಗೂ ಜಿಲ್ಲಾಡಳಿತಕ್ಕೂ ಪಾತ್ರವಿದೆ. ಕೊಡೈಕನಾಲಿನವರಿಗೆ ಸುಪ್ರೀಂ ಕೋರ್ಟಿನವರೆಗೆ ಹೋಗದೆ ಸಿಗದಿದ್ದ ಬಾಗಿಲು ಈಗ ಪಂಚಾಯಿತಿ ಕಚೇರಿಯಿಂದಲೇ ತೆರೆಯಬಹುದು, ಆದರೆ ಬಾಗಿಲು ತಟ್ಟುವವರ ಕೈಯಲ್ಲಿ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪಂಚಾಯಿತಿಯೊಂದು ಈ ದಾರಿ ಹಿಡಿಯುವುದಾದರೆ ಮೊದಲ ತಿಂಗಳಲ್ಲಿ ಮಾಡಬೇಕಾದ ಕೆಲಸವನ್ನು ಕೊಡೈಕನಾಲಿನ ಅನುಭವದಿಂದಲೇ ಹೇಳಬಹುದು. ಹಳೆಯ ಕಾರ್ಮಿಕರನ್ನು, ಲಾರಿ ಚಾಲಕರನ್ನು, ಗುಜರಿ ಅಂಗಡಿಯವರನ್ನು ಕೂರಿಸಿ ಅವರ ನೆನಪಿನ ನಕ್ಷೆ ಬರೆಸಿ, ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸುವುದು. ಆ ನೆಲವನ್ನು ಮುಂದೆ ಯಾವುದಕ್ಕೆ ಬಳಸಬೇಕೆಂದು, ಮಟ್ಟದ ಮಾತು ಬರುವ ಮೊದಲೇ, ನಿರ್ಣಯ ಮಾಡುವುದು. ಸಮಿತಿಯ ಸ್ವಂತ ತಜ್ಞರಿಗೂ ಎರಡನೆಯ ಪಾಲಿನ ಪರೀಕ್ಷೆಗೂ ಮಾಲಿನ್ಯ ಮಾಡಿದವರ ಹಣದಲ್ಲೇ, ಆದರೆ ಜಿಲ್ಲಾಧಿಕಾರಿಯ ಖಾತೆಯ ಮೂಲಕ, ಮೊತ್ತ ತೆಗೆದಿಡಬೇಕೆಂದು ಪತ್ರ ಬರೆಯುವುದು. ಮತ್ತು ಶುದ್ಧೀಕರಣ ಶುರುವಾಗುವ ಮೊದಲಿನ ಮಳೆಗಾಲ ಮುಗಿಯುತ್ತಿದ್ದಂತೆ, ಆವರಣದ ಹೊರಗಿನ ಹಳ್ಳದಲ್ಲಿ ಗುರುತಿಟ್ಟ ನಾಲ್ಕೈದು ಜಾಗಗಳಿಂದ ಹೂಳನ್ನು ತೆಗೆದು, ಪಂಚರ ರುಜು ಹಾಕಿಸಿ, ಒಂದು ಪಾಲನ್ನು ಪಂಚಾಯಿತಿಯ ಬೀರುವಿನಲ್ಲಿ ಇಡುವುದು. ಹತ್ತು ವರ್ಷದ ಮೇಲೆ ಯಾರಾದರೂ ಬಂದು ಜಾಗ ಶುದ್ಧವಾಯಿತೆಂದು ಹೇಳಿದಾಗ, ಅದೇ ಜಾಗದ ಹೊಸ ಹೂಳನ್ನು ಆ ಸೀಸೆಯ ಪಕ್ಕದಲ್ಲಿಟ್ಟು ಅಳೆಯಲು ಸಾಧ್ಯವಾಗುವುದು ಆಗ ಮಾತ್ರ.